ಡಾಕ್ಟರ ಎಚ್-ಇಂಡೆಕ್ಸ್ ನೋಡಿ ಹೊಟ್ಟೆ ತೋರಿಸಬಹುದಾ?

ಪ್ರಶ್ನೆ: ನಮ್ಮದು ಹಾಸನ. ಅಪ್ಪನಿಗೆ 62 ವರ್ಷ. ಎರಡು ತಿಂಗಳಿಂದ ಆಗಾಗ ಮಲದಲ್ಲಿ ರಕ್ತ ಹೋಗುತ್ತಿದೆ, ಹಿಮೋಗ್ಲೋಬಿನ್ ಕೂಡ ಕಡಿಮೆ ಆಗಿದೆ. ಬೆಂಗಳೂರಿಗೆ ಹೋಗಿ ಕೊಲೊನೋಸ್ಕೋಪಿ ಮಾಡಿಸಿ ಎಂದು ಇಲ್ಲಿನ ಡಾಕ್ಟರು ಇಬ್ಬರು ಗ್ಯಾಸ್ಟ್ರೋ ಡಾಕ್ಟರ ಹೆಸರು ಬರೆದುಕೊಟ್ಟಿದ್ದಾರೆ. ಸಂಶೋಧನಾ ಪೇಪರ್ ಹುಡುಕುವ ಗೂಗಲ್ ಸ್ಕಾಲರ್‌ನಲ್ಲಿ ಹುಡುಕಿದೆ. ಒಬ್ಬರಿಗೆ ಹನ್ನೊಂದು ಸಾವಿರ ಚಿಲ್ಲರೆ ಸೈಟೇಶನ್, ಎಚ್-ಇಂಡೆಕ್ಸ್ 41. ಆಸ್ಪತ್ರೆಯ ಪುಟದಲ್ಲಿ 'ಜಗತ್ತಿನ ಟಾಪ್ 2 ಪರ್ಸೆಂಟ್ ವಿಜ್ಞಾನಿ' ಎಂದೂ ಹಾಕಿದ್ದಾರೆ. ಇನ್ನೊಬ್ಬರದು ಒಟ್ಟು ಹದಿನಾಲ್ಕೇ ಪೇಪರ್, ಎಚ್-ಇಂಡೆಕ್ಸ್ 6. ಈ ನಂಬರ್‌ಗಳ ಅರ್ಥ ಏನು? ಮೊದಲನೆಯವರ ಹತ್ತಿರವೇ ಹೋಗಬೇಕಾ?

ಉತ್ತರ: ಇಬ್ಬರಲ್ಲಿ ಯಾರು ಬೇಗ ಸಿಗುತ್ತಾರೋ ಅವರ ಹತ್ತಿರ ಹೋಗಿ. ಇವತ್ತೇ ಫೋನ್ ಮಾಡಿ. 62 ವರ್ಷ, ಮಲದಲ್ಲಿ ರಕ್ತ, ಹಿಮೋಗ್ಲೋಬಿನ್ ಕಡಿಮೆ, ಈಗಾಗಲೇ ಎರಡು ತಿಂಗಳು. ಇದು ಮೂಲವ್ಯಾಧಿ ಇರಬಹುದು, ಬೇರೇನೂ ಇರಬಹುದು. ಕೊಲೊನೋಸ್ಕೋಪಿಯಲ್ಲಿ ಟ್ಯೂಬ್ ಹಾಕಿ ಕರುಳಿನ ಒಳಗೆ ನೋಡದೆ ಯಾರಿಗೂ ಹೇಳಲು ಬರುವುದಿಲ್ಲ. ಅಪಾಯಿಂಟ್‌ಮೆಂಟ್ ತೆಗೆದುಕೊಂಡ ಮೇಲೆ ಮುಂದಿನದನ್ನು ಓದಿ. ಉದ್ದ ಇದೆ, ಯಾಕೆಂದರೆ ನೀವು ಕೇಳಿದ ಪ್ರಶ್ನೆಯನ್ನು ನಾನು ಇಪ್ಪತ್ತು ವರ್ಷದಿಂದ ನನಗೇ ಕೇಳಿಕೊಳ್ಳುತ್ತಾ ಇದ್ದೇನೆ. ನಾನು ಹೊಟ್ಟೆ-ಕರುಳಿನ ಡಾಕ್ಟರು, ಪೇಪರ್ ಕೂಡ ಬರೆದಿದ್ದೇನೆ. ನನ್ನ ಎಚ್-ಇಂಡೆಕ್ಸ್ ನಿಮ್ಮ ಇಬ್ಬರು ಡಾಕ್ಟರ ಮಧ್ಯೆ ಎಲ್ಲೋ ಇದೆ, ಆದ್ದರಿಂದ ಯಾರ ಮೇಲೂ ಹೊಟ್ಟೆಕಿಚ್ಚಿಲ್ಲ ಅಂದುಕೊಳ್ಳಿ.

ಸೈಟೇಶನ್ ಅಂದರೆ ಇಷ್ಟೇ. ನಾನೊಂದು ಪೇಪರ್ ಬರೆದೆ. ಬೇರೆ ಯಾರೋ ತಮ್ಮ ಪೇಪರ್ ಬರೆಯುವಾಗ ಕೊನೆಯ ಪಟ್ಟಿಯಲ್ಲಿ ನನ್ನದನ್ನು ಸೇರಿಸಿದರು. ನನಗೆ ಒಂದು ಸೈಟೇಶನ್. ಇದನ್ನು ಎಣಿಸಿ ಇಡಬಹುದು ಎಂದು 1955ರಲ್ಲಿ ಹೇಳಿದವರು ಅಮೆರಿಕದ ಯೂಜಿನ್ ಗಾರ್‌ಫೀಲ್ಡ್. ಯಾವ ವಿಚಾರ ಯಾರಿಂದ ಯಾರಿಗೆ ಹೋಯಿತು ಎಂದು ಹುಡುಕಿಕೊಂಡು ಹೋಗಲು ದಾರಿ ಬೇಕಿತ್ತು, ಅದಕ್ಕೆ ಈ ಎಣಿಕೆ. 1960ರ ದಶಕದಲ್ಲಿ ಅದು ದಪ್ಪ ದಪ್ಪ ಪುಸ್ತಕವಾಗಿ ಲೈಬ್ರರಿಗೆ ಬರುತ್ತಿತ್ತು. ಮನುಷ್ಯರಿಗೆ ಮಾರ್ಕ್ಸ್ ಕೊಡುವುದಕ್ಕೆ ಅದನ್ನು ಬಳಸಿದ್ದು ಆಮೇಲೆ.

ಎಚ್-ಇಂಡೆಕ್ಸ್ ಇನ್ನೂ ಹೊಸದು. 2005ರಲ್ಲಿ ಹೋರ್ಹೆ ಹಿರ್ಷ್ ಎಂಬ ಭೌತಶಾಸ್ತ್ರಜ್ಞರು ಹುಟ್ಟುಹಾಕಿದ್ದು, ಹಿರ್ಷ್ ಇಂಡೆಕ್ಸ್ ಅಂತಲೂ ಕರೆಯುತ್ತಾರೆ. ಲೆಕ್ಕ ಸುಲಭ. ಒಬ್ಬರ ಪೇಪರ್‌ಗಳನ್ನು ಜಾಸ್ತಿ ಸೈಟೇಶನ್ ಇರುವುದರಿಂದ ಕಡಿಮೆ ಇರುವುದಕ್ಕೆ ಸಾಲಾಗಿ ಜೋಡಿಸಿ. ನಿಮ್ಮ ಮೊದಲ ಡಾಕ್ಟರಿಗೆ 41 ಅಂದರೆ, ತಲಾ ಕನಿಷ್ಠ 41 ಸಲ ಬೇರೆಯವರು ಹೆಸರಿಸಿದ 41 ಪೇಪರ್ ಅವರ ಬಳಿ ಇವೆ ಎಂದರ್ಥ. ಇನ್ನೊಂದು ರೀತಿ ನೋಡಿ. ಒಬ್ಬರ ಐದು ಪೇಪರ್‌ಗೆ 900, 12, 8, 5, 3 ಸೈಟೇಶನ್ ಇದ್ದರೆ ಅವರ ಎಚ್-ಇಂಡೆಕ್ಸ್ ಬರೀ 4. ಆ 900 ಸಲ ಹೆಸರಿಸಿದ ಪೇಪರ್ ಲೆಕ್ಕದಲ್ಲಿ ಆ 5 ಸಲದ್ದಕ್ಕೆ ಸಮ! ಇದು ಬೇಕೆಂದೇ ಮಾಡಿದ್ದು, ಒಂದೇ ಒಂದು ಲಾಟರಿ ಹೊಡೆದವರಿಗಿಂತ ಸತತವಾಗಿ ಕೆಲಸ ಮಾಡಿದವರು ಮೇಲೆ ಬರಲಿ ಎಂದು. ಆದರೆ ಈ ನಂಬರ್ ಎಂದೂ ಕೆಳಗಿಳಿಯುವುದಿಲ್ಲ. ರಿಟೈರ್ ಆದರೂ ಏರುತ್ತದೆ, ಸತ್ತ ಮೇಲೂ ಏರಬಹುದು. ಹಾಗಾಗಿ 60 ವರ್ಷದವರದನ್ನೂ 38 ವರ್ಷದವರದನ್ನೂ ಪಕ್ಕಪಕ್ಕ ಇಟ್ಟು ನೋಡುವುದರಲ್ಲಿ ಅರ್ಥವಿಲ್ಲ. ನೀವು ಬರೆದ ಇಬ್ಬರ ವಯಸ್ಸು ಎಷ್ಟು? ಅದನ್ನು ನೀವು ಹೇಳಿಲ್ಲ. ಸ್ವತಃ ಹಿರ್ಷ್ ಅವರೇ 2020ರಲ್ಲಿ, ತಾನು ಹುಟ್ಟಿಸಿದ ಈ ಕೂಸು ಕೆಲವು ಕಡೆ ಕೆಟ್ಟ ಪರಿಣಾಮ ಮಾಡುತ್ತಿದೆ ಎಂದು ಬರೆದುಕೊಂಡರು.

ಈಗ ನಮ್ಮ ವಿಭಾಗಕ್ಕೆ ಬರೋಣ. ಗ್ಯಾಸ್ಟ್ರೋ ವಿಭಾಗದಲ್ಲಿ ಸಾವಿರಾರು ಸೈಟೇಶನ್ ತೆಗೆದುಕೊಳ್ಳುವ ಪೇಪರ್‌ಗಳು ಯಾವುವು ಗೊತ್ತಾ? ಬಹುಪಾಲು ಹೊಸ ಮದ್ದು ಕಂಡುಹಿಡಿದವು ಅಂದುಕೊಂಡರೆ ತಪ್ಪು. ಗೈಡ್‌ಲೈನ್‌ಗಳು, ಕಾಯಿಲೆಗೆ ವ್ಯಾಖ್ಯಾನ ಬರೆದವು, ಸ್ಕೋರ್‌ಗಳು, ಯಾವ ದೇಶದಲ್ಲಿ ಎಷ್ಟು ಜನಕ್ಕೆ ಏನಿದೆ ಎಂಬ ಅಂಕಿಅಂಶ. ಯಾಕೆ ಅಂದರೆ ಐಬಿಎಸ್ ಎಂಬ ಕರುಳಿನ ತೊಂದರೆ ಬಗ್ಗೆ ಯಾರು ಏನೇ ಬರೆಯಲಿ, 'ನಾವು ಐಬಿಎಸ್ ಅಂದಿದ್ದು 2016ರ ನಾಲ್ಕನೇ ರೋಮ್ ಮಾನದಂಡದ (ಕಾಯಿಲೆಯ ವ್ಯಾಖ್ಯಾನದ) ಪ್ರಕಾರ' ಎಂದು ಮೊದಲ ಪುಟದಲ್ಲೇ ಹೇಳಲೇಬೇಕು. ಆಯ್ತು, ಅಲ್ಲಿಗೊಂದು ಸೈಟೇಶನ್. ಕರುಳಿನ ಕ್ಯಾನ್ಸರ್ ಬಗ್ಗೆ ಪೇಪರ್ ಶುರುವಾಗುವುದೇ 'ಜಗತ್ತಿನಲ್ಲಿ ಇಷ್ಟು ಲಕ್ಷ ಜನಕ್ಕೆ' ಎಂಬ ವಾಕ್ಯದಿಂದ. ಅಲ್ಲಿಗೆ ಇನ್ನೊಂದು. ಕ್ಯಾನ್ಸರ್ ಅಂಕಿಅಂಶ ಛಾಪಿಸುವ ಅಮೆರಿಕದ ಒಂದು ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರ್, ಅಂದರೆ ಅದರ ಇತ್ತೀಚಿನ ಪೇಪರ್‌ಗಳಿಗೆ ಸರಾಸರಿ ಬೀಳುವ ಸೈಟೇಶನ್, ಇನ್ನೂರು ದಾಟಿ, ಒಂದು ವರ್ಷ ಐನೂರನ್ನೂ ದಾಟಿದ್ದು ಇದೇ ಕಾರಣಕ್ಕೆ. ನಮ್ಮ ಒಳ್ಳೊಳ್ಳೆ ಗ್ಯಾಸ್ಟ್ರೋ ಪತ್ರಿಕೆಗಳು ಇಪ್ಪತ್ತು-ಮೂವತ್ತರ ಆಸುಪಾಸಿನಲ್ಲಿ ಓಡಾಡುತ್ತವೆ. ಇಂಪ್ಯಾಕ್ಟ್ ಫ್ಯಾಕ್ಟರ್ ಪತ್ರಿಕೆಗೆ ಸೇರಿದ್ದು, ಡಾಕ್ಟರಿಗೆ ಸೇರಿದ್ದಲ್ಲ. ಅದರ ಬಗ್ಗೆ ನೀವು ಕೇಳಿಲ್ಲ, ಬಿಡಿ.

ಲಿವರ್ ವಾರ್ಡಿನಲ್ಲಿ ದಿನಾ ಕೇಳಿಬರುವ ಮಾತು 'ಮೆಲ್ಡ್ ಎಷ್ಟು?'. ಬಿಲಿರುಬಿನ್, ರಕ್ತ ಹೆಪ್ಪುಗಟ್ಟುವ ಐಎನ್‌ಆರ್, ಕ್ರಿಯಾಟಿನಿನ್, ಈ ಮೂರನ್ನು ಹಾಕಿ ಲೆಕ್ಕ ಮಾಡಿದರೆ ಮೂರು ತಿಂಗಳಲ್ಲಿ ರೋಗಿಗೆ ಅಪಾಯ ಎಷ್ಟಿದೆ ಎಂದು ಅಂದಾಜು ಸಿಗುತ್ತದೆ. 2001ರಲ್ಲಿ ಹೆಪಟಾಲಜಿ ಪತ್ರಿಕೆಯಲ್ಲಿ ಬಂದ ಆ ಪೇಪರ್‌ನ ಮೊದಲ ಲೇಖಕರು ಅಮೆರಿಕದ ಮೇಯೋ ಕ್ಲಿನಿಕ್ ಆಸ್ಪತ್ರೆಯ ಪ್ಯಾಟ್ರಿಕ್ ಕಾಮತ್. ಕಾಮತ್ ಅನ್ನುವ ಹೆಸರು ನಮ್ಮ ಕರಾವಳಿಯವರ ಕಿವಿ ನಿಮಿರಿಸುತ್ತದೆ, ಅಲ್ವಾ? ಮಜಾ ಏನೆಂದರೆ ಈ ಸ್ಕೋರ್ ಮೊದಲು ಮಾಡಿದ್ದು ಬೇರೆ ಕೆಲಸಕ್ಕೆ, ಲಿವರ್ ಒಳಗೆ ರಕ್ತಕ್ಕೆ ಬೈಪಾಸ್ ದಾರಿ ಮಾಡಿಸಿಕೊಂಡವರಲ್ಲಿ ಯಾರು ಉಳಿಯುತ್ತಾರೆ ಎಂದು ನೋಡಲು. 2002ರಲ್ಲಿ ಅಮೆರಿಕದಲ್ಲಿ ದಾನದ ಲಿವರ್ ಯಾರಿಗೆ ಮೊದಲು ಎಂದು ತೀರ್ಮಾನ ಮಾಡಲು ಅದನ್ನೇ ತೆಗೆದುಕೊಂಡರು. ಅಲ್ಲಿಂದ ಸೈಟೇಶನ್ ಎಣಿಸುವುದೇ ಬೇಡ ಎನ್ನುವಷ್ಟಾಯಿತು. ಇದು ನಿಜಕ್ಕೂ ಸಂಪಾದಿಸಿದ ಸೈಟೇಶನ್. ಜನ ಅದನ್ನು ಓದಿ ಮೆಚ್ಚಿದ್ದಷ್ಟೇ ಆಗಿದ್ದರೆ ಇಷ್ಟಾಗುತ್ತಿರಲಿಲ್ಲ, ದಿನಾ ಕೈಯಲ್ಲಿ ಹಿಡಿದು ಬಳಸಿದರು.

ನನ್ನ ಕಥೆ ಹೇಳುತ್ತೇನೆ. ನನ್ನ ಪೇಪರ್‌ಗಳಲ್ಲಿ ಅತಿ ಹೆಚ್ಚು ಸೈಟೇಶನ್ ಇರುವುದು ಯಾವುದು ಅಂದರೆ, ಹತ್ತಾರು ಆಸ್ಪತ್ರೆ ಸೇರಿ ಮಾಡಿದ ಒಂದು ಅಧ್ಯಯನ. ಅದರಲ್ಲಿ ನನ್ನ ಕೆಲಸ ನಮ್ಮ ಕಡೆಯ ರೋಗಿಗಳ ಫಾರಂ ತುಂಬಿ ಕಳಿಸಿದ್ದು. ಬರೆದವರು ಬೇರೆ, ತಲೆ ಓಡಿಸಿದವರು ಬೇರೆ. ನನ್ನ ಹೆಸರು ಸಾಲಿನ ನಡುವೆ ಎಲ್ಲೋ ಇದೆ, ನಾನೇ ಹುಡುಕಬೇಕು. ಮೂರು ವರ್ಷ ಕೂತು, ಭಾನುವಾರಗಳನ್ನೆಲ್ಲ ಹಾಳು ಮಾಡಿಕೊಂಡು, ಹೆಂಡತಿ ಹತ್ತಿರ ಬೈಸಿಕೊಂಡು ಬರೆದ ಇನ್ನೊಂದು ಪೇಪರ್ ಇದೆ. ಅದನ್ನು ಹೆಸರಿಸಿದವರನ್ನು ಎರಡು ಕೈ ಬೆರಳಿನಲ್ಲಿ ಎಣಿಸಬಹುದು. ಅದರಲ್ಲೂ ಎರಡು ಸಲ ನಾನೇ ಹೆಸರಿಸಿಕೊಂಡಿದ್ದೇನೆ. ಗೂಗಲ್ ಸ್ಕಾಲರ್‌ಗೆ ಇದು ಯಾವುದೂ ಕಾಣಿಸುವುದಿಲ್ಲ.

ಹಾಗಾಗಿ ನೀವು ಒಬ್ಬರ ದಾಖಲೆ ನೋಡುವುದೇ ಆದರೆ ಒಟ್ಟು ನಂಬರ್ ಬಿಟ್ಟು ಹೆಸರು ಎಲ್ಲಿದೆ ನೋಡಿ. ವೈದ್ಯಕೀಯ ಪೇಪರ್‌ಗಳಲ್ಲಿ ಸಾಮಾನ್ಯವಾಗಿ ಮೊದಲ ಹೆಸರು ಕೈ ಕೆಸರು ಮಾಡಿಕೊಂಡವರದು, ಕೊನೆಯ ಹೆಸರು ಯೋಜನೆ ಹಾಕಿ ಹೊಣೆ ಹೊತ್ತ ಹಿರಿಯರದು. ನಡುವೆ ಇರುವವರು ಏನು ಮಾಡಿದ್ದಾರೆ ಎಂದು ಹೊರಗಿನವರಿಗೆ ಹೇಳಲು ಬರುವುದಿಲ್ಲ. ಜಾತ್ರೆ ಥರದ ಪೇಪರ್‌ಗಳೂ ಇವೆ. 2021ರಲ್ಲಿ ಕೋವಿಡ್ ಮತ್ತು ಆಪರೇಶನ್ ಬಗ್ಗೆ ಬಂದ ಒಂದು ಪೇಪರ್‌ಗೆ 15,025 ಲೇಖಕರು, ಗಿನ್ನೆಸ್ ದಾಖಲೆಗೇ ಸೇರಿತು. ಬಂದ ಒಂದೊಂದು ಸೈಟೇಶನ್ ಕೂಡ ಅಷ್ಟೂ ಜನರ ಖಾತೆಗೆ ಪೂರ್ತಿ ಪೂರ್ತಿ ಜಮಾ. ಮದುವೆ ಊಟದಲ್ಲಿ ಬಡಿಸಿದವರೆಲ್ಲರೂ ಅಡುಗೆ ಭಟ್ಟರೇ ಎಂದ ಹಾಗೆ.

ಇನ್ನೊಂದು ತೊಂದರೆ ನಮ್ಮವರಿಗೆ ಜಾಸ್ತಿ. ಹೆಸರು. ನಮ್ಮ ಕಡೆ ಊರಿನ ಹೆಸರಿನ ಅಕ್ಷರ, ಅಪ್ಪನ ಹೆಸರಿನ ಅಕ್ಷರ, ಆಮೇಲೆ ಸ್ವಂತ ಹೆಸರು. ವಿದೇಶಿ ಪತ್ರಿಕೆಗೆ ಸ್ವಂತ ಹೆಸರೇ ಮನೆತನದ ಹೆಸರು ಅನ್ನಿಸಿಬಿಡುತ್ತದೆ. ಕೆ. ಎಸ್. ರಾವ್ ಎಂಬವರು ಒಂದು ಕಡೆ ರಾವ್ ಕೆ ಎಸ್ ಆಗುತ್ತಾರೆ, ಇನ್ನೊಂದು ಕಡೆ ಬರೀ ರಾವ್ ಕೆ. ಅದೇ ಹೆಸರಿನ ಇನ್ನೂ ಹತ್ತು ರಾವ್‌ಗಳು ಇರುತ್ತಾರೆ, ಅವರಲ್ಲಿ ಒಬ್ಬರು ಸಿಮೆಂಟಿನ ಬಗ್ಗೆ ಬರೆದಿರುತ್ತಾರೆ. ಗೂಗಲ್ ಸ್ಕಾಲರ್ ಎಲ್ಲವನ್ನೂ ಒಟ್ಟಿಗೆ ಹಾಕಿ ಒಬ್ಬರ ಪುಟದಲ್ಲಿ ಸುರಿದಿರುವುದನ್ನು ನಾನು ನೋಡಿದ್ದೇನೆ. ಪುಟದ ಯಜಮಾನರು ಬೇಡದ್ದನ್ನು ತೆಗೆದುಹಾಕಬೇಕು, ಆದರೆ ನಂಬರ್ ತಾನಾಗಿ ಏರುತ್ತಿದ್ದರೆ ಯಾರಿಗೆ ಅವಸರ? ಇದಕ್ಕೆಂದೇ 2012ರಲ್ಲಿ ಆರ್ಕಿಡ್ ಎಂಬ 16 ಅಂಕಿಯ ಗುರುತು ಶುರುವಾಯಿತು, ಸಂಶೋಧಕರ ಆಧಾರ್ ನಂಬರ್ ಅನ್ನಬಹುದು. ಒಬ್ಬರ ಕೆಲಸ ನಿಜಕ್ಕೂ ಅವರದೇ ಎಂದು ನೋಡಲು ಅದು ಮೇಲು. ಸೈಟೇಶನ್ ಎಣಿಸುವ ಇನ್ನೆರಡು ಕಡೆ, ಸ್ಕೋಪಸ್ ಮತ್ತು ವೆಬ್ ಆಫ್ ಸೈನ್ಸ್, ಅವುಗಳ ಎಣಿಕೆ ಗೂಗಲ್‌ಗಿಂತ ಬಿಗಿ. ಒಬ್ಬರದೇ ನಂಬರ್ ಮೂರು ಕಡೆ ಮೂರು ಥರ ಇದ್ದರೆ ಗಾಬರಿಯಾಗಬೇಡಿ, ಯಾರೂ ಸುಳ್ಳು ಹೇಳುತ್ತಿಲ್ಲ. ಗೂಗಲ್ ಥೀಸಿಸ್‌ಗಳನ್ನೂ ಇನ್ನೂ ಪರಿಶೀಲನೆಯಾಗದ ಕರಡುಗಳನ್ನೂ ಸೇರಿಸಿಕೊಂಡು ಎಣಿಸುತ್ತದೆ.

ಆ 'ಟಾಪ್ 2 ಪರ್ಸೆಂಟ್' ವಿಷಯ. ಪ್ರತಿ ವರ್ಷ ಪಟ್ಟಿ ಬಂದ ಕೂಡಲೇ ಕಾಲೇಜುಗಳು ಶಾಲು ಹೊದಿಸಿ ಫೋಟೋ ಹಾಕುತ್ತವೆ. ಸ್ಟ್ಯಾನ್‌ಫೋರ್ಡ್‌ನ ಜಾನ್ ಇಯೊನಿಡಿಸ್ ಮತ್ತು ಜೊತೆಗಾರರು ಸ್ಕೋಪಸ್‌ನ ಮಾಹಿತಿ ಇಟ್ಟುಕೊಂಡು 2019ರಿಂದ ಪ್ರಕಟಿಸುತ್ತಿರುವ ಪಟ್ಟಿ ಅದು. ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯ ಯಾರನ್ನೂ ಕರೆದು ಕೊಟ್ಟ ಪ್ರಶಸ್ತಿಯಲ್ಲ. ಕೆಟ್ಟ ಪಟ್ಟಿ ಅಂತ ನಾನು ಹೇಳುವುದಿಲ್ಲ. ಒಟ್ಟು ಸೈಟೇಶನ್ ಜೊತೆ, ಒಬ್ಬರೇ ಬರೆದದ್ದಕ್ಕೆ, ಮೊದಲ ಹೆಸರಾಗಿ ಬರೆದದ್ದಕ್ಕೆ, ಕೊನೆಯ ಹೆಸರಾಗಿ ಬರೆದದ್ದಕ್ಕೆ ಎಷ್ಟು ಬಂತು ಎಂದು ಬೇರೆ ಬೇರೆ ತೂಗುತ್ತದೆ. ತನ್ನದನ್ನು ತಾನೇ ಹೆಸರಿಸಿಕೊಂಡದ್ದನ್ನು ಬಿಟ್ಟೂ ಲೆಕ್ಕ ತೋರಿಸುತ್ತದೆ. ಬರೀ ಎಚ್-ಇಂಡೆಕ್ಸ್‌ಗಿಂತ ಎಷ್ಟೋ ವಾಸಿ. ಆದರೆ ಅದರಲ್ಲಿ ಎರಡು ಪಟ್ಟಿ ಇವೆ, ಒಂದು ಇಡೀ ವೃತ್ತಿ ಜೀವನದ್ದು, ಇನ್ನೊಂದು ಒಂದೇ ವರ್ಷದ್ದು. ಆಸ್ಪತ್ರೆಯ ಪುಟದಲ್ಲಿ ಯಾವುದು ಎಂದು ಹೇಳಿರುವುದು ಅಪರೂಪ. ನೀವೇ ನೋಡಿ, ನಿಮ್ಮ ಡಾಕ್ಟರ ಪುಟದಲ್ಲಿ ಹೇಳಿದ್ದಾರಾ?

ಸೈಟೇಶನ್ ಎಣಿಸುವ ಯಂತ್ರಕ್ಕೆ ಹೊಗಳಿಕೆ, ಬೈಗುಳ ಎರಡೂ ಒಂದೇ. ಇದಕ್ಕೆ ನಮ್ಮ ವಿಭಾಗದಲ್ಲೇ ನಾಚಿಕೆಗೇಡಿನ ಉದಾಹರಣೆ ಇದೆ. 1998ರಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯ ಆಂಡ್ರ್ಯೂ ವೇಕ್‌ಫೀಲ್ಡ್ ಮತ್ತಿತರರು 12 ಮಕ್ಕಳ ಕರುಳಿನ ಬಗ್ಗೆ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಅದು ಕೊಲೊನೋಸ್ಕೋಪಿ ಮಾಡಿ, ಕರುಳಿನ ಚೂರು ತೆಗೆದು ನೋಡಿದ ಪೇಪರ್, ನಮ್ಮದೇ ಜಾತಿಯದು. ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟಿದೆ ಎಂಬ ಭಯ ಅಲ್ಲಿಂದ ಹಬ್ಬಿತು. 2010ರ ಫೆಬ್ರವರಿಯಲ್ಲಿ ಲ್ಯಾನ್ಸೆಟ್ ಅದನ್ನು ಪೂರ್ತಿ ಹಿಂತೆಗೆದುಕೊಂಡಿತು, ಅದೇ ವರ್ಷ ಬ್ರಿಟನ್ನಿನ ಮೆಡಿಕಲ್ ಕೌನ್ಸಿಲ್ ಅವರ ಹೆಸರನ್ನು ಡಾಕ್ಟರುಗಳ ಪಟ್ಟಿಯಿಂದ ಹೊಡೆದುಹಾಕಿತು. ಆ ಪೇಪರ್‌ನ ಸೈಟೇಶನ್ ಮಾತ್ರ ಸಾವಿರ ದಾಟಿದೆ. ಹೆಸರಿಸಿದವರಲ್ಲಿ ಬಹುಪಾಲು ಜನ ಅದು ತಪ್ಪು ಎಂದು ಹೇಳಲೆಂದೇ ಹೆಸರಿಸಿದ್ದು. ಎಣಿಕೆಯಲ್ಲಿ ಅವೂ ಸೇರಿವೆ.

ಇದರ ಉಲ್ಟಾ ಕಥೆ ನನಗೆ ಹೆಚ್ಚು ಇಷ್ಟ. ನಿಮ್ಮ ಅಪ್ಪನ ವಯಸ್ಸಿನವರಿಗೆ ನೆನಪಿರುತ್ತದೆ, ಹಿಂದೆ ಹೊಟ್ಟೆ ಹುಣ್ಣು ಅಂದರೆ ಖಾರ ಬಿಡು, ಟೆನ್ಷನ್ ಬಿಡು, ಹಾಲು ಕುಡಿ. ಡಾಕ್ಟರುಗಳೂ ಅದನ್ನೇ ನಂಬಿದ್ದರು, ಆಸಿಡ್ ಜಾಸ್ತಿಯಾಗಿ ಹುಣ್ಣು ಆಗುತ್ತದೆ ಎಂದು. 1970ರ ದಶಕದ ಕೊನೆಗೆ ಆಸಿಡ್ ಇಳಿಸುವ ಸಿಮೆಟಿಡಿನ್ ಬಂದ ಮೇಲಂತೂ ಪ್ರಶ್ನೆಯೇ ಮುಗಿದ ಹಾಗೆ ಆಯಿತು. ಮಾತ್ರೆ ನುಂಗಿದರೆ ಹುಣ್ಣು ಮಾಯುತ್ತದೆ, ಬಿಟ್ಟರೆ ಮತ್ತೆ ಬರುತ್ತದೆ, ಕಂಪನಿಗೂ ಸಂತೋಷ. ಆಗ ಆಸ್ಟ್ರೇಲಿಯಾದ ಪರ್ತ್ ಊರಿನಲ್ಲಿ ರಾಬಿನ್ ವಾರನ್ ಎಂಬ ಪೆಥಾಲಜಿಸ್ಟ್ (ದೇಹದ ಚೂರುಗಳನ್ನು ಮೈಕ್ರೋಸ್ಕೋಪಿನಲ್ಲಿ ನೋಡುವ ಡಾಕ್ಟರು) 1979ರಿಂದ ಹೊಟ್ಟೆಯ ಚೂರುಗಳಲ್ಲಿ ಬಾಗಿದ ಬ್ಯಾಕ್ಟೀರಿಯಾ ನೋಡುತ್ತಾ ಇದ್ದರು. ಅಷ್ಟೊಂದು ಆಸಿಡ್‌ನಲ್ಲಿ ಯಾವ ಜೀವಿ ಬದುಕುತ್ತದೆ ಎಂದು ಉಳಿದವರು ಕೇಳುತ್ತಿದ್ದರು. 1981ರಲ್ಲಿ ಬ್ಯಾರಿ ಮಾರ್ಷಲ್ ಎಂಬ ಹುಡುಗ ಡಾಕ್ಟರು, ಇನ್ನೂ ತರಬೇತಿಯಲ್ಲಿದ್ದವರು, ಅವರ ಜೊತೆ ಸೇರಿಕೊಂಡರು. ಲ್ಯಾಬ್‌ನಲ್ಲಿ ಬೆಳೆಸಲು ನೋಡಿದರೆ ಬೆಳೆಯಲೇ ಇಲ್ಲ. ಎರಡು ದಿನ ನೋಡಿ ತಟ್ಟೆ ಎಸೆಯುವುದು ರೂಢಿ. 1982ರ ಈಸ್ಟರ್ ರಜೆಗೆ ಲ್ಯಾಬ್‌ನಲ್ಲಿ ಯಾರೂ ಎಸೆಯದೆ ತಟ್ಟೆಗಳು ಹಾಗೇ ಉಳಿದುಬಿಟ್ಟವು, ರಜೆ ಮುಗಿಸಿ ಬಂದು ನೋಡಿದರೆ ಬೆಳೆದಿತ್ತು. ನಿಧಾನಕ್ಕೆ ಬೆಳೆಯುವ ಜಾತಿ, ಅಷ್ಟೇ.

1983ರಲ್ಲಿ ಮಾರ್ಷಲ್ ಇದನ್ನು ತಮ್ಮ ದೇಶದ ಗ್ಯಾಸ್ಟ್ರೋ ಡಾಕ್ಟರುಗಳ ಸಮ್ಮೇಳನಕ್ಕೆ ಕಳಿಸಿದರು. ಉತ್ತರ ಬಂತು: 67 ಬಂದಿದ್ದವು, 56 ತೆಗೆದುಕೊಂಡಿದ್ದೇವೆ, ನಿಮ್ಮದು ಇಲ್ಲ. ಅಂದರೆ ಕೊನೆಯ ಹನ್ನೊಂದರಲ್ಲಿ ಒಂದು! ಮುಂದಿನ ವರ್ಷ ಜೂನ್‌ನಲ್ಲಿ ಲ್ಯಾನ್ಸೆಟ್‌ನಲ್ಲಿ ಪೂರ್ತಿ ಪೇಪರ್ ಬಂತು. ಆದರೂ ಜನ ನಂಬಲಿಲ್ಲ. 1984ರಲ್ಲೇ ಮಾರ್ಷಲ್ ಆ ಬ್ಯಾಕ್ಟೀರಿಯಾ ಬೆಳೆಸಿದ ನೀರನ್ನು ತಾವೇ ಕುಡಿದುಬಿಟ್ಟರು, ಕೆಲವೇ ದಿನಗಳಲ್ಲಿ ವಾಂತಿ, ಬಾಯಿ ವಾಸನೆ, ಎಂಡೋಸ್ಕೋಪಿ ಮಾಡಿದರೆ ಹೊಟ್ಟೆಯ ಒಳಪದರ ಉರಿದು ಕೆಂಪಾಗಿತ್ತು. ಅದನ್ನು 1985ರಲ್ಲಿ ತಮ್ಮ ದೇಶದ ಪತ್ರಿಕೆಯಲ್ಲೇ ಬರೆದರು. ಅಮೆರಿಕದ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್ 'ಹುಣ್ಣಿಗೆ ಆ್ಯಂಟಿಬಯಾಟಿಕ್ ಕೊಡಿ' ಎಂದು ಅಧಿಕೃತವಾಗಿ ಹೇಳಲು 1994 ಆಯಿತು. ನೋಬೆಲ್ ಸಿಕ್ಕಿದ್ದು 2005ರಲ್ಲಿ, ಎಚ್-ಇಂಡೆಕ್ಸ್ ಹುಟ್ಟಿದ ವರ್ಷವೇ. 1984ರ ಕೊನೆಯಲ್ಲಿ ಯಾರಾದರೂ ಈ ಇಬ್ಬರ ಸೈಟೇಶನ್ ಎಣಿಸಿ ಕೆಲಸ ಕೊಡಬೇಕಾ ಬೇಡವಾ ಎಂದು ತೀರ್ಮಾನ ಮಾಡಿದ್ದರೆ ಏನಾಗುತ್ತಿತ್ತು ಊಹಿಸಿ. ಆ ಬ್ಯಾಕ್ಟೀರಿಯಾದ ಹೆಸರು ಈಗ ಎಚ್. ಪೈಲೋರಿ, ಇವತ್ತು ನಿಮ್ಮೂರಿನ ಮೆಡಿಕಲ್ ಶಾಪಿನಲ್ಲೂ ಅದನ್ನು ಕೊಲ್ಲುವ ಮಾತ್ರೆಗಳ ಕಿಟ್ ಸಿಗುತ್ತದೆ.

ಅವರಿಗಾದರೂ ಕೊನೆಗೆ ಸಿಕ್ಕಿತು. ಗ್ರೀಸ್‌ನಲ್ಲಿ ಯೋನಿಸ್ ಲಿಕೌಡಿಸ್ ಎಂಬ ಊರ ಡಾಕ್ಟರು 1958ರಿಂದಲೇ ಹುಣ್ಣಿಗೆ ಆ್ಯಂಟಿಬಯಾಟಿಕ್ ಕೊಡುತ್ತಿದ್ದರು. ಅವರ ಪೇಪರನ್ನು ಅಮೆರಿಕದ ದೊಡ್ಡ ಪತ್ರಿಕೆ ವಾಪಸ್ ಕಳಿಸಿತು, ಗ್ರೀಸ್‌ನ ವೈದ್ಯರ ಸಂಘ ದಂಡ ಹಾಕಿತು. ಅವರ ಎಚ್-ಇಂಡೆಕ್ಸ್ ಎಷ್ಟಿರಬಹುದು, ನೀವೇ ಹೇಳಿ.

ನಮ್ಮ ದೇಶದ್ದು ಒಂದು ಹೇಳದೆ ಬಿಡಲಾರೆ. 1971, ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರು ಲಕ್ಷ ಲಕ್ಷ ಬಂದು ಬಂಗಾಳದ ಗಡಿಯಲ್ಲಿ ತುಂಬಿದ್ದಾರೆ, ಕಾಲರಾ ಹಬ್ಬಿದೆ. ಬನ್‌ಗಾಂವ್ ಶಿಬಿರದಲ್ಲಿ ಡಾ. ದಿಲೀಪ್ ಮಹಾಲನಬಿಸ್ ಹತ್ತಿರ ಡ್ರಿಪ್ ಬಾಟಲಿ ಮುಗಿದಿದೆ, ಜನ ನೆಲದ ಮೇಲೆ ಮಲಗಿದ್ದಾರೆ. ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡುಗೆ ಸೋಡಾ ಕಲಸಿ ಡ್ರಮ್‌ಗಳಲ್ಲಿ ತುಂಬಿಸಿ, ರೋಗಿಗಳ ಮನೆಯವರ ಕೈಯಲ್ಲೇ ಕುಡಿಸಿದರು. ಬಾಯಿಂದ ಕುಡಿಸಿ ಕಾಲರಾ ವಾಸಿ ಮಾಡಬಹುದು ಎಂದು 1968ರಲ್ಲೇ ಢಾಕಾದಲ್ಲಿ ನಾಲಿನ್ ಮತ್ತು ಕ್ಯಾಶ್ ತೋರಿಸಿದ್ದರು. ಆದರೆ ಆಸ್ಪತ್ರೆ, ನರ್ಸು ಏನೂ ಇಲ್ಲದ ಕಡೆ, ಕೆಸರಿನಲ್ಲಿ, ಸಾವಿರಾರು ಜನಕ್ಕೆ ಅದು ಆಗುತ್ತದಾ ಎಂಬುದು ಆಗ ಯಾರಿಗೂ ಗೊತ್ತಿರಲಿಲ್ಲ. ನೂರಕ್ಕೆ ಮೂವತ್ತರ ಹತ್ತಿರ ಇದ್ದ ಸಾವು ನೂರಕ್ಕೆ ನಾಲ್ಕಕ್ಕಿಂತ ಕೆಳಗೆ ಬಂತು. ಅದನ್ನು ಅವರು 1973ರಲ್ಲಿ ಜಾನ್ಸ್ ಹಾಪ್ಕಿನ್ಸ್ ಮೆಡಿಕಲ್ ಜರ್ನಲ್ ಎಂಬ ಪತ್ರಿಕೆಯಲ್ಲಿ ಬರೆದರು, ಈಗ ಆ ಪತ್ರಿಕೆಯೇ ಇಲ್ಲ. ಆ ಪೇಪರ್‌ಗಿಂತ ಎಷ್ಟೋ ಪಟ್ಟು ಸೈಟೇಶನ್ ಇರುವ ಗ್ಯಾಸ್ಟ್ರೋ ಪೇಪರ್‌ಗಳನ್ನು ನಾನು ಹುಡುಕಿ ಕೊಡಬಲ್ಲೆ. ಅಷ್ಟು ಜೀವ ಉಳಿಸಿದ ಪೇಪರ್ ಹುಡುಕಿ ಕೊಡಲು ಆಗುವುದಿಲ್ಲ. ಅವರು ತೀರಿಕೊಂಡಿದ್ದು 2022ರ ಅಕ್ಟೋಬರ್‌ನಲ್ಲಿ, ಪದ್ಮವಿಭೂಷಣ ಬಂದಿದ್ದು ಆಮೇಲೆ, 2023ರ ಜನವರಿಯಲ್ಲಿ. ಓಆರ್‌ಎಸ್ ಎಂದು ಕರೆಯುವ ಆ ನೀರಿನ ಬಗ್ಗೆ ಈಗ ಯಾರೂ ಪೇಪರ್ ಹೆಸರಿಸುವ ಗೋಜಿಗೇ ಹೋಗುವುದಿಲ್ಲ. ಉಪ್ಪು ಸಕ್ಕರೆ ನೀರು ಎಂದು ಅಂಗನವಾಡಿಯಲ್ಲೇ ಹೇಳಿಕೊಡುತ್ತಾರೆ.

ಇಷ್ಟು ಹೇಳಿದ ಮೇಲೆ, ಸೈಟೇಶನ್ ಎಲ್ಲಾ ಸುಳ್ಳು ಎಂದು ನೀವು ತೀರ್ಮಾನ ಮಾಡಿಕೊಂಡರೆ ಅದೂ ತಪ್ಪು. ನನ್ನ ಹತ್ತಿರ ಯಾರಾದರೂ ಹುಡುಗಿ 'ಸರ್, ಪಿಎಚ್‌ಡಿಗೆ ಇವರ ಹತ್ತಿರ ಸೇರಲಾ' ಎಂದು ಕೇಳಿದರೆ ನಾನು ಖಂಡಿತ ಆ ಗೈಡ್‌ನ ದಾಖಲೆ ನೋಡುತ್ತೇನೆ. ಒಟ್ಟು ನಂಬರ್ ನೋಡುವುದಿಲ್ಲ. ಕೊನೆಯ ಐದು ವರ್ಷದಲ್ಲಿ ಅವರ ವಿದ್ಯಾರ್ಥಿಗಳ ಹೆಸರು ಮೊದಲಿಗೆ ಬಂದಿದೆಯಾ ಎಂದು ನೋಡುತ್ತೇನೆ. ಒಂದೇ ವಿಷಯ ಹಿಡಿದು ಹೋಗಿದ್ದಾರಾ, ಅಥವಾ ಬಡ್ತಿಗೆ ಬೇಕು ಅಂತ ಸಿಕ್ಕಸಿಕ್ಕಲ್ಲಿ, ದುಡ್ಡು ಕೊಟ್ಟರೆ ಎರಡೇ ವಾರದಲ್ಲಿ ಛಾಪಿಸುವ ಪತ್ರಿಕೆಗಳಲ್ಲಿ ಸುಮ್ನೆ ತುಂಬಿಸಿದ್ದಾರಾ? ಬೇರೆ ದೇಶದವರು, ಇವರ ಪರಿಚಯವೇ ಇಲ್ಲದವರು, ಇವರ ಕೆಲಸ ಹೆಸರಿಸಿದ್ದಾರಾ? ಎನ್‌ಐಎಚ್‌ನ ಐಸೈಟ್ ಎಂಬ ಉಚಿತ ಪುಟ ಇದೆ. ಒಂದು ಪೇಪರನ್ನು ಅದೇ ವಿಷಯದ, ಅದೇ ಕಾಲದ ಪೇಪರ್‌ಗಳ ಜೊತೆ ಹೋಲಿಸಿ ತೋರಿಸುತ್ತದೆ, 1ಕ್ಕಿಂತ ಜಾಸ್ತಿ ಇದ್ದರೆ ಸರಾಸರಿಗಿಂತ ಮೇಲೆ. ನನಗೆ ಎಚ್-ಇಂಡೆಕ್ಸ್‌ಗಿಂತ ಅದು ಹಿಡಿಸುತ್ತದೆ. ಯಾಕೆಂದರೆ ಪ್ಯಾಂಕ್ರಿಯಾಸ್‌ನ ಅಪರೂಪದ ಕಾಯಿಲೆ ಮೇಲೆ ಕೆಲಸ ಮಾಡುವವರನ್ನು ಫ್ಯಾಟಿ ಲಿವರ್ ಮೇಲೆ ಬರೆಯುವವರ ಜೊತೆ ಹೋಲಿಸಿದರೆ ಮೊದಲನೆಯವರು ಯಾವತ್ತೂ ಸೋಲುತ್ತಾರೆ. ಫ್ಯಾಟಿ ಲಿವರ್ ಬಗ್ಗೆ ಈಗ ಬರೆಯುವವರೇ ಅಷ್ಟು ಜನ.

ನಿಮ್ಮ ಅಪ್ಪನಿಗೆ ಬೇಕಾದದ್ದು ಬೇರೆ ನಂಬರ್. ಅದನ್ನೂ ಹೇಳಿಕೊಟ್ಟಿದ್ದು ತುಂಬಾ ಸೈಟೇಶನ್ ಪಡೆದ ಪೇಪರ್‌ಗಳೇ. ಕೊಲೊನೋಸ್ಕೋಪಿಯಲ್ಲಿ ಟ್ಯೂಬ್ ಒಳಗೆ ಹೋಗುವಾಗ ಅಲ್ಲ, ವಾಪಸ್ ಬರುವಾಗ ಡಾಕ್ಟರು ದೊಡ್ಡ ಕರುಳಿನ ಮಡಿಕೆ ಮಡಿಕೆ ನೋಡುವುದು. 2006ರಲ್ಲಿ ಅಮೆರಿಕದ ರಾಕ್‌ಫರ್ಡ್ ಎಂಬ ಊರಿನಲ್ಲಿ ಪ್ರೈವೇಟ್ ಪ್ರಾಕ್ಟೀಸ್ ಮಾಡುವ 12 ಡಾಕ್ಟರುಗಳು ತಮ್ಮದೇ ಕೇಸುಗಳ ಲೆಕ್ಕ ಹಾಕಿ ಬರೆದರು. ಹೊರಗೆ ತೆಗೆಯಲು ಸರಾಸರಿ 6 ನಿಮಿಷ ಅಥವಾ ಜಾಸ್ತಿ ತೆಗೆದುಕೊಂಡವರಿಗೆ ನೂರಕ್ಕೆ 28 ಜನರಲ್ಲಿ ಗಡ್ಡೆ ಸಿಕ್ಕಿತು, ಅವಸರ ಮಾಡಿದವರಿಗೆ ನೂರಕ್ಕೆ 12 ಜನರಲ್ಲಿ. 2014ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ 136 ಡಾಕ್ಟರು ಮಾಡಿದ ಮೂರು ಲಕ್ಷಕ್ಕೂ ಹೆಚ್ಚು ಕೊಲೊನೋಸ್ಕೋಪಿ ನೋಡಿದಾಗ, ಮುಂದೆ ಕ್ಯಾನ್ಸರ್ ಆಗಬಲ್ಲ ಅಡಿನೋಮಾ ಗಡ್ಡೆ ಹುಡುಕುವ ಪ್ರಮಾಣ ಒಬ್ಬ ಡಾಕ್ಟರಿಗೆ ನೂರಕ್ಕೆ 7, ಇನ್ನೊಬ್ಬರಿಗೆ ನೂರಕ್ಕೆ 52! ಈ ಪ್ರಮಾಣ ನೂರಕ್ಕೆ ಒಂದು ಹೆಚ್ಚಾದರೆ ಆ ಡಾಕ್ಟರ ರೋಗಿಗಳಿಗೆ ಮುಂದೆ ಕ್ಯಾನ್ಸರ್ ಬರುವ ಸಂಭವ, ಇದ್ದದ್ದರಲ್ಲಿ ಸುಮಾರು ನೂರಕ್ಕೆ 3ರಷ್ಟು ಕಡಿಮೆ. ಆ 136 ಜನರಲ್ಲಿ ಯಾರ ಎಚ್-ಇಂಡೆಕ್ಸ್ ಎಷ್ಟು ಎಂದು ಯಾರೂ ಕೇಳಲಿಲ್ಲ. ನಮ್ಮ ದೇಶದಲ್ಲಿ ಅಡಿನೋಮಾ ಅಷ್ಟೊಂದು ಸಿಗುವುದಿಲ್ಲ, ಆದ್ದರಿಂದ ಅಲ್ಲಿನ ನಂಬರನ್ನು ಇಲ್ಲಿಗೆ ಹಾಗೇ ತರಬೇಡಿ.

ನೀವು ಕೇಳಬೇಕಾದದ್ದು ಮೂರೇ ಮಾತು. ತಿಂಗಳಿಗೆ ಸುಮಾರು ಎಷ್ಟು ಕೊಲೊನೋಸ್ಕೋಪಿ ಮಾಡುತ್ತೀರಿ? ಪಾಲಿಪ್ (ಕರುಳಿನ ಒಳಗಿನ ಸಣ್ಣ ಗಡ್ಡೆ) ಕಂಡರೆ ಅವತ್ತೇ ತೆಗೆಯುತ್ತೀರಾ, ಇಲ್ಲಾ ಮತ್ತೆ ಬರಬೇಕಾ? ನೀವೇ ಮಾಡುತ್ತೀರಾ, ನಿಮ್ಮ ಹೆಸರಿನಲ್ಲಿ ಬೇರೆಯವರು ಮಾಡುತ್ತಾರಾ? ದೊಡ್ಡ ಹೆಸರಿನ, ಊರೂರು ಸುತ್ತಿ ಭಾಷಣ ಮಾಡುವ ಡಾಕ್ಟರ ಹತ್ತಿರ ಮೂರನೇ ಪ್ರಶ್ನೆ ಮುಖ್ಯ. ಸಂಕೋಚ ಬೇಡ, ನಾನಂತೂ ಕೇಳಿದರೆ ಬೇಜಾರು ಮಾಡಿಕೊಳ್ಳುವುದಿಲ್ಲ. ಕೇಳಿದ್ದಕ್ಕೆ ಸಿಟ್ಟಾದರೆ ನಿಮಗೆ ಅಲ್ಲೇ ಉತ್ತರ ಸಿಕ್ಕಿತು.

ಮತ್ತೊಂದು, ಇದು ಹಾಸನದವರಿಗೆಂದೇ. ಕರುಳು ಚೆನ್ನಾಗಿ ಖಾಲಿಯಾಗದಿದ್ದರೆ ಎಂಥ ಡಾಕ್ಟರಿಗೂ ಏನೂ ಕಾಣಿಸುವುದಿಲ್ಲ. ಅಪ್ಪ ಈಗ ಕಬ್ಬಿಣದ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಈಗಲೇ ಹೇಳಿ, ಸಾಮಾನ್ಯವಾಗಿ ಒಂದು ವಾರ ಮೊದಲು ನಿಲ್ಲಿಸಲು ಹೇಳುತ್ತಾರೆ, ಅದು ಕರುಳಿಗೆ ಕಪ್ಪಾಗಿ ಅಂಟಿಕೊಳ್ಳುತ್ತದೆ. ಹಾರ್ಟಿಗೆ ಅಂತ ರಕ್ತ ತೆಳು ಮಾಡುವ ಮಾತ್ರೆ ಇದ್ದರೆ ಅದನ್ನೂ ಹೇಳಿ, ಅದನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ. ಹಿಂದಿನ ದಿನ ಸಂಜೆ, ಕರುಳು ಖಾಲಿ ಮಾಡಲು ಕೊಡುವ ಪುಡಿ ಕಲಸಿದ ನೀರು ಲೀಟರ್‌ಗಟ್ಟಲೆ ಕುಡಿಯಬೇಕು, ಬೆಳಿಗ್ಗೆ ಇನ್ನೊಂದಷ್ಟು. ಅದನ್ನು ಕುಡಿದು ಬೆಳಗಿನ ಜಾವದ ಬಸ್ಸು ಹತ್ತಿಸಿದರೆ ಚನ್ನರಾಯಪಟ್ಟಣ ದಾಟುವಷ್ಟರಲ್ಲಿ ಅಪ್ಪ ನಿಮ್ಮನ್ನು ಶಪಿಸುತ್ತಾರೆ. ಹಿಂದಿನ ದಿನ ಮಧ್ಯಾಹ್ನವೇ ಬಂದು ಆಸ್ಪತ್ರೆ ಹತ್ತಿರ ಬಾತ್‌ರೂಮ್ ಪಕ್ಕದಲ್ಲೇ ಇರುವ ರೂಮ್ ಮಾಡಿ.